ದೀಪ ಶಾಂತ ಮಾಡುವ ಸಂಪ್ರದಾಯ: ಶಿವನಸಮುದ್ರದಿಂದ ಗಣಕಯಂತ್ರದವರೆಗೆ

ನಮ್ಮ ಹಿರಿಯರು ‘ದೀಪ ಆರಿಸು’ ಎಂದು ಹೇಳುತ್ತಿರಲಿಲ್ಲ; ಅದು ಅಶುಭ. ‘ದೀಪ ಶಾಂತ ಮಾಡು’ ಎನ್ನುತ್ತಿದ್ದರು. ಆ ಮಾತಿನಲ್ಲಿ ಶಾಸ್ತ್ರವೂ ಇತ್ತು, ಎಣ್ಣೆಯ ಉಳಿತಾಯವೂ ಇತ್ತು. ಬೀದರ, ಕಲಬುರ್ಗಿ, ರಾಯಚೂರುಗಳಿಂದ ಹೈದರಾಬಾದಿಗೆ ಬಂದು ನೆಲೆಸಿದ ಅನೇಕ ಮನೆತನಗಳ ಹಿರಿಯರು ಕಂದೀಲಿನ ಬೆಳಕಿನಲ್ಲಿ ಓದಿದವರೇ. ಇಂದು ಅವರ ಮೊಮ್ಮಕ್ಕಳ ಕೋಣೆಯಲ್ಲಿ ರಾತ್ರಿಯಿಡೀ ಗಣಕಯಂತ್ರ ಉರಿಯುತ್ತಿರುತ್ತದೆ. ಈ ಅಂತರದ ಇತಿಹಾಸ ತಿಳಿಯತಕ್ಕದ್ದಾಗಿದೆ.

ವಿದ್ಯುತ್ತಿನ ಚರಿತ್ರೆಯಲ್ಲಿ ಕನ್ನಡ ನಾಡಿನದು ಹೆಮ್ಮೆಯ ಸ್ಥಾನ. ಮೈಸೂರು ಸಂಸ್ಥಾನದ ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಯೋಜನೆಯಿಂದ 1902ರ ಜೂನ್ 30ರಂದು ಕಾವೇರಿಯ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು.

ನಿಜಾಮರ ರಾಜಧಾನಿಯ ಕಥೆ ಬೇರೆ. ಇಲ್ಲಿ ಅಂಥ ಜಲಪಾತವಿರಲಿಲ್ಲ, ಕಲ್ಲಿದ್ದಲು ಇತ್ತು. ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ, 1920ರಲ್ಲಿ, ಹುಸೇನ್ ಸಾಗರದ ದಂಡೆಯ ಮೇಲೆ ಶಾಖೋತ್ಪನ್ನ ವಿದ್ಯುತ್ ಕೇಂದ್ರ ತಲೆಯೆತ್ತಿತು. ಇಂದು ಸಂಜೆ ನಾವು ಮಕ್ಕಳೊಡನೆ ವಿಹರಿಸುವ ಎನ್.ಟಿ.ಆರ್. ಉದ್ಯಾನದ ಆಸುಪಾಸಿನಲ್ಲಿಯೇ ಅದರ ಹೊಗೆಕೊಳವೆಗಳಿದ್ದವು. ಅನಂತರ ಭಾರ ರಾಮಗುಂಡದಂಥ ದೂರದ ಕೇಂದ್ರಗಳ ಮೇಲೆ ಬಿದ್ದಿತು. ಅಲ್ಲಿ ರಾಷ್ಟ್ರೀಯ ಶಾಖ ವಿದ್ಯುತ್ ನಿಗಮದ ಮೊದಲ ಘಟಕ 1983ರಲ್ಲಿ ಕೆಲಸ ಆರಂಭಿಸಿತು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿಯೂ ಇಂಥ ಕೇಂದ್ರ ಬಂದಿತು. ಹೊಗೆ ಕಣ್ಣಿನಿಂದ ದೂರವಾದಂತೆ, ವಿದ್ಯುತ್ತಿಗೆ ಬೆಲೆಯಿದೆಯೆಂಬ ನೆನಪೂ ದೂರವಾಯಿತು.

ಗಣಕಯಂತ್ರವೂ ನಮ್ಮ ಊರಿಗೆ ಹೊಸದಲ್ಲ. 1967ರಲ್ಲಿ ಡಾ. ಎ. ಎಸ್. ರಾವ್ ಅವರ ನೇತೃತ್ವದಲ್ಲಿ ಇಲ್ಲಿ ಸ್ಥಾಪಿತವಾದ ಇ.ಸಿ.ಐ.ಎಲ್. ಸಂಸ್ಥೆ ಟಿ.ಡಿ.ಸಿ. ಹೆಸರಿನ ದೇಶೀಯ ಗಣಕಗಳನ್ನು ತಯಾರಿಸಿತು. ಆ ಕಾಲದ ಗಣಕಗಳು ತಂಪು ಕೋಣೆಯಲ್ಲಿ ಕೂತ ದೊರೆಗಳಂತೆ. ಅವುಗಳ ವಿದ್ಯುತ್ ಖರ್ಚನ್ನು ಕಚೇರಿಯೇ ಭರಿಸುತ್ತಿತ್ತು. 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. ಬರಬರುತ್ತ ಗಣಕ ಮನೆಮನೆಗೂ ಬಂದಿತು, ಅದರ ಬಿಲ್ಲೂ ಜೊತೆಗೆ ಬಂದಿತು.

ಈ ಯಂತ್ರಕ್ಕೆ ‘ಶಾಂತವಾಗುವ’ ವಿದ್ಯೆ ಕಲಿಸಿದ್ದು 1990ರ ದಶಕ. 1992ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ‘ಎನರ್ಜಿ ಸ್ಟಾರ್’ ಗುರುತನ್ನು ತಂದಿತು. ಮೊದಲು ಆ ಗುರುತು ಪಡೆದ ವಸ್ತುಗಳಲ್ಲಿ ಗಣಕ ಮತ್ತು ಅದರ ಪರದೆ ಸೇರಿದ್ದವು. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಕಂಪನಿಗಳು ಕೂಡಿ ವಿದ್ಯುತ್ ನಿಯಂತ್ರಣಕ್ಕೆ ಒಂದು ಸಮಾನ ನಿಯಮಾವಳಿ ರೂಪಿಸಿದವು. ನಮ್ಮ ದೇಶದಲ್ಲಿ 2001ರಲ್ಲಿ ಇಂಧನ ಸಂರಕ್ಷಣಾ ಕಾಯಿದೆ ಬಂದಿತು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಪರದೆಯ ಮೇಲೆ ಮೀನು, ಹೂವು ಓಡಾಡುವ ‘ಸ್ಕ್ರೀನ್ ಸೇವರ್’ ವಿದ್ಯುತ್ ಉಳಿಸುವುದಿಲ್ಲ. ಹಳೆಯ ಗಾಜಿನ ಕೊಳವೆಯ ಪರದೆಗಳಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಕಲೆ ಬೀಳುತ್ತಿತ್ತು. ಅದನ್ನು ತಪ್ಪಿಸಲೆಂದು 1980ರ ದಶಕದಲ್ಲಿ ಹುಟ್ಟಿದ ಉಪಾಯವದು. ಉಳಿತಾಯವಾಗುವುದು ಪರದೆ ಕಪ್ಪಾದಾಗ, ಯಂತ್ರ ಮಲಗಿದಾಗ.

ಲೆಕ್ಕ ಸರಳ. 100 ವ್ಯಾಟಿನ ಗಣಕ 10 ತಾಸು ಸುಮ್ಮನೆ ಉರಿದರೆ ಒಂದು ಯೂನಿಟ್. ಕಲ್ಲಿದ್ದಲಿನಿಂದ ಒಂದು ಯೂನಿಟ್ ತಯಾರಿಸಲು ಅರ್ಧ ಕಿಲೋಗೂ ಹೆಚ್ಚು ಕಲ್ಲಿದ್ದಲು ಸುಡಬೇಕು. ಆದ್ದರಿಂದ ‘ಪವರ್ ಸೆಟ್ಟಿಂಗ್ಸ್’ನಲ್ಲಿ, ಕೈ ಮುಟ್ಟದಿದ್ದರೆ 5-10 ನಿಮಿಷಕ್ಕೆ ಪರದೆ ಆರುವಂತೆ, 15-30 ನಿಮಿಷಕ್ಕೆ ಯಂತ್ರ ‘ಸ್ಲೀಪ್’ ಆಗುವಂತೆ ಹೊಂದಿಸಿರಿ. ಒಂದು ಎಚ್ಚರಿಕೆ: ನಿದ್ರೆಯಲ್ಲಿಯೂ ಯಂತ್ರದ ಸ್ಮೃತಿಗೆ ತುಸು ವಿದ್ಯುತ್ತು ಬೇಕು. ಬ್ಯಾಟರಿಯಿಲ್ಲದ ಗಣಕದಲ್ಲಿ ಆಗ ಕರೆಂಟು ಹೋದರೆ, ‘ಸೇವ್’ ಮಾಡದ ಬರಹ ಹೋದಂತೆಯೇ. ‘ಹೈಬರ್ನೇಟ್’ನಲ್ಲಿ ಆ ಭಯವಿಲ್ಲ, ಎಲ್ಲವನ್ನೂ ಡಿಸ್ಕಿನಲ್ಲಿ ಬರೆದಿಟ್ಟು ಯಂತ್ರ ಪೂರ್ತಿ ನಿಲ್ಲುತ್ತದೆ.

ಮಕ್ಕಳಿಗೆ ಇದನ್ನು ಬಿಲ್ಲಿನ ಭಯದಿಂದ ಹೇಳಬೇಕಾಗಿಲ್ಲ. ಅಜ್ಜಿಯ ಮಾತಿನಲ್ಲಿಯೇ ಹೇಳೋಣ: ಮಗೂ, ಏಳುವ ಮುಂಚೆ ಯಂತ್ರ ಶಾಂತ ಮಾಡು. ಕನ್ನಡವನ್ನು ಪರ ಊರಿನಲ್ಲಿ ಉಳಿಸಿಕೊಳ್ಳುವ ನಾವು, ಆ ಒಂದು ಮಾತಿನೊಡನೆ ಅದರ ಹಿಂದಿನ ಮಿತವ್ಯಯದ ಸಂಸ್ಕಾರವನ್ನೂ ಉಳಿಸಿಕೊಂಡಂತಾಗುತ್ತದೆ.