ತನ್ನ ವಕಾಲತ್ತು ತಾನೇ ವಹಿಸಿದ ಸಂಪಾದಕ

ವಕೀಲರ ಮನೆಯಿಂದ ಪೆಚ್ಚುಮೋರೆ ಹಾಕಿಕೊಂಡು ಹಿಂದಿರುಗುವ ಕಕ್ಷಿಗಾರನನ್ನು ನೀವು ಕಂಡಿರಬಹುದು. 1835ರ ಆರಂಭದಲ್ಲಿ ಹ್ಯಾಲಿಫ್ಯಾಕ್ಸ್ ಎಂಬ ಬಂದರು ಪಟ್ಟಣದ ಪತ್ರಿಕಾ ಸಂಪಾದಕನೊಬ್ಬನ ಪಾಡು ಹಾಗಾಯಿತು. ಹೆಸರು ಜೋಸೆಫ್ ಹೌ, ವಯಸ್ಸು ಮೂವತ್ತು. ವಿಚಾರಿಸಿದ ವಕೀಲರದೆಲ್ಲ ಒಂದೇ ಮಾತು: ಈ ಖಟ್ಲೆ ಗೆಲ್ಲುವಂಥದಲ್ಲ.

ಇಂದು ಹ್ಯಾಲಿಫ್ಯಾಕ್ಸ್ ಕೆನಡಾದ ಪೂರ್ವ ಕರಾವಳಿಯ ನಗರ. ಆಗ ಕೆನಡಾ ಒಕ್ಕೂಟವೇ ಹುಟ್ಟಿರಲಿಲ್ಲ. ಆ ಊರಿದ್ದ ನೋವಾ ಸ್ಕೋಷಿಯ ಬ್ರಿಟಿಷರ ಒಂದು ಪ್ರತ್ಯೇಕ ವಸಾಹತು. ಊರಿನ ಆಡಳಿತ ನಡೆಸುತ್ತಿದ್ದವರು ಜನ ಆರಿಸಿದವರಲ್ಲ, ಮೇಲಿನಿಂದ ನೇಮಕವಾಗಿ ಬಂದ ಮ್ಯಾಜಿಸ್ಟ್ರೇಟರು. ತೆರಿಗೆ ಎತ್ತುವವರೂ ಅವರೇ, ಖರ್ಚು ಮಾಡುವವರೂ ಅವರೇ.

ಹೌನ ತಂದೆ ಮುದ್ರಕ. ಹುಡುಗ ಶಾಲೆಯ ಮುಖ ಕಂಡದ್ದು ಕಡಿಮೆ. ಹದಿಮೂರರ ವಯಸ್ಸಿಗೆ ಅಚ್ಚುಕೂಟ ಸೇರಿ, ಮೊಳೆ ಜೋಡಿಸುತ್ತಲೇ ಓದು ಬರಹ ಬೆಳೆಸಿಕೊಂಡ. ಪದ್ಯವನ್ನೂ ಬರೆದ. 1827ರ ಕೊನೆಯಲ್ಲಿ ‘ನೋವಾಸ್ಕೋಷಿಯನ್’ ಎಂಬ ವಾರಪತ್ರಿಕೆಯನ್ನು ಕೊಂಡುಕೊಂಡ. ಕುದುರೆಯೇರಿ ಸೀಮೆಯೆಲ್ಲ ಸುತ್ತಿ, ಕಂಡದ್ದನ್ನು ಪ್ರವಾಸ ಲೇಖನಗಳಾಗಿ ಬರೆಯುವುದು, ದಾರಿಯಲ್ಲೇ ಚಂದಾ ವಸೂಲು ಮಾಡುವುದು—ಎರಡೂ ಕೆಲಸ ಒಟ್ಟಿಗೆ. ಅವನಿಲ್ಲದಾಗ ಪತ್ರಿಕೆ ನೋಡಿಕೊಳ್ಳುತ್ತಿದ್ದವಳು ಹೆಂಡತಿ ಸೂಸನ್. ಚಂದಾ ಬಾಕಿ ನಿಲ್ಲಿಸುವ ಓದುಗರು ಅಲ್ಲಿಯೂ ಇದ್ದರು ಎಂದು ಕೇಳಿ ನಮ್ಮ ಸಂಪಾದಕರು ಸಮಾಧಾನಪಟ್ಟುಕೊಳ್ಳಲಿ. ಹ್ಯಾಲಿಬರ್ಟನ್ ಎಂಬ ಗ್ರಂಥಕರ್ತ ಬರೆದ ನೋವಾ ಸ್ಕೋಷಿಯದ ಚರಿತ್ರೆಯನ್ನು 1829ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿ ಹೌ ಕೈ ಸುಟ್ಟುಕೊಂಡ. ಆದರೂ ಆ ಲೇಖಕನನ್ನು ಬಿಡಲಿಲ್ಲ. ಮುಂದೆ ಗಡಿಯಾರ ಮಾರುವ ಸ್ಯಾಮ್ ಸ್ಲಿಕ್‌ನ ಹಾಸ್ಯ ಲೇಖನಗಳು ಮೊದಲು ಬಂದದ್ದು ಇದೇ ಪತ್ರಿಕೆಯಲ್ಲಿ.

1835ರ ಜನವರಿ 1ರ ಸಂಚಿಕೆಯಲ್ಲಿ ‘ಜನತೆ’ ಎಂಬ ಅಂಕಿತದ ಪತ್ರವೊಂದು ಅಚ್ಚಾಯಿತು. ಮ್ಯಾಜಿಸ್ಟ್ರೇಟರೂ ಪೊಲೀಸರೂ ಮೂವತ್ತು ವರ್ಷಗಳಲ್ಲಿ ಜನರ ಜೇಬಿನಿಂದ 30,000 ಪೌಂಡಿಗೂ ಮಿಕ್ಕಿ ಅನ್ಯಾಯವಾಗಿ ಕಿತ್ತುಕೊಂಡಿದ್ದಾರೆ ಎಂಬುದು ಅದರ ಆರೋಪ. ಬರೆದವನು ಹೌ ಅಲ್ಲ. ಆದರೆ ಅಚ್ಚುಹಾಕಿದ ಹೊಣೆ ಅವನದು. ಮಾನಹಾನಿಯ ಕ್ರಿಮಿನಲ್ ಖಟ್ಲೆ ಹೂಡಿದರು.

ವಕೀಲರು ಕೈ ಚೆಲ್ಲಿದ್ದೇಕೆ ಎಂಬುದನ್ನು ಗಮನಿಸಿ. ಬರೆದದ್ದು ನಿಜವೆಂದು ತೋರಿಸಿದರೂ ಆಗಿನ ಕಾನೂನಿನಂತೆ ಅದು ಸಮರ್ಥನೆಯಾಗುತ್ತಿರಲಿಲ್ಲ. ಹೌ ಕಾನೂನು ಪುಸ್ತಕಗಳನ್ನು ಎರವಲು ತಂದು ಒಂದು ವಾರ ಓದಿದ. ತಾನೇ ವಾದಿಸಲು ನಿಂತ. ಸತ್ಯವನ್ನು ರುಜುವಾತುಪಡಿಸುವಂತಿಲ್ಲ ನಿಜ, ಆದರೆ ಯಾವ ಉದ್ದೇಶದಿಂದ ಅಚ್ಚುಹಾಕಿದೆ ಎಂದು ಆಪಾದಿತ ಹೇಳಿಕೊಳ್ಳಬಹುದಲ್ಲ! ಆ ಕಿಂಡಿಯಲ್ಲಿ ನುಗ್ಗಿ ಅನಾಥಾಲಯ, ಸೆರೆಮನೆಗಳ ಹುಳುಕನ್ನೆಲ್ಲ ಆರು ಗಂಟೆಗೂ ಮೀರಿ ಬಿಚ್ಚಿಟ್ಟ. ಬಂಧನವಿಲ್ಲದ ಪತ್ರಿಕೆಯನ್ನು ನಿಮ್ಮ ಮಕ್ಕಳಿಗೆ ಉಳಿಸಿಹೋಗಿ ಎಂದು ಜ್ಯೂರಿಯನ್ನು ಬೇಡಿದ. ಇದು ಮಾನಹಾನಿಯೇ ಎಂದು ಮುಖ್ಯ ನ್ಯಾಯಾಧೀಶರು ಜ್ಯೂರಿಗೆ ತಿಳಿಸಿದರು. ಜ್ಯೂರಿಯವರು ಹತ್ತು ನಿಮಿಷದಲ್ಲಿ ಹೊರಬಂದು ನಿರ್ದೋಷಿ ಎಂದರು. ಜನ ಅವನನ್ನು ಹೆಗಲ ಮೇಲೆ ಹೊತ್ತು ಮನೆಗೆ ಮುಟ್ಟಿಸಿದರು.

ಈ ತೀರ್ಪಿನಿಂದ ಪತ್ರಿಕಾ ಸ್ವಾತಂತ್ರ್ಯ ಸ್ಥಾಪನೆಯಾಯಿತೆಂದು ಹೇಳುವುದುಂಟು. ಕಾನೂನಿನ ಒಂದಕ್ಷರವೂ ಬದಲಾಗಲಿಲ್ಲ. ಬದಲಾದದ್ದು ಜನರ ಧೈರ್ಯ ಎಂದರೆ ಹೆಚ್ಚು ಸರಿ. ಮ್ಯಾಜಿಸ್ಟ್ರೇಟರಲ್ಲಿ ಕೆಲವರು ರಾಜೀನಾಮೆ ಕೊಟ್ಟರು. ಬರೆದು ಮಾತ್ರ ಆಗದೆಂದು ಕಂಡ ಹೌ 1836ರಲ್ಲಿ ಶಾಸನ ಸಭೆಗೆ ಆರಿಸಿ ಬಂದ. 1840ರಲ್ಲಿ ಅದೇ ನ್ಯಾಯಾಧೀಶರ ಮಗ ಅವನನ್ನು ಪಿಸ್ತೂಲಿನ ದ್ವಂದ್ವಕ್ಕೆ ಕರೆದ. ಎದುರಾಳಿಯ ಗುಂಡು ಗುರಿ ತಪ್ಪಿತು. ಹೌ ತನ್ನ ಗುಂಡನ್ನು ಆಕಾಶಕ್ಕೆ ಹಾರಿಸಿದ.

ಸಭೆಗೆ ಉತ್ತರ ಹೇಳಬೇಕಾದ ಸರಕಾರ 1848ರಲ್ಲಿ ಬಂತು. ಬ್ರಿಟಿಷರ ಸಾಗರದಾಚೆಯ ವಸಾಹತುಗಳಲ್ಲಿ ಅದೇ ಮೊದಲನೆಯದು. 1867ರ ಒಕ್ಕೂಟವನ್ನು ಹೌ ವಿರೋಧಿಸಿ, ಸೋತು, 1869ರಲ್ಲಿ ಒಕ್ಕೂಟದ ಮಂತ್ರಿಮಂಡಲವನ್ನೇ ಸೇರಿದ. ಹಳೆಯ ಗೆಳೆಯರಲ್ಲಿ ಅನೇಕರು ಇದನ್ನು ಕ್ಷಮಿಸಲಿಲ್ಲ. 1873ರಲ್ಲಿ ಅವನನ್ನು ನೋವಾ ಸ್ಕೋಷಿಯದ ಲೆಫ್ಟಿನೆಂಟ್ ಗವರ್ನರಾಗಿ ನೇಮಿಸಿದರು. ಗವರ್ನರುಗಳೊಡನೆ ಆಯುಷ್ಯವೆಲ್ಲ ಕಾದಾಡಿದವನು ಆ ಬಂಗಲೆಯಲ್ಲಿ ಬದುಕಿದ್ದು ಮೂರೇ ವಾರ. ಜೂನ್ 1ರಂದು ಅಲ್ಲಿಯೇ ತೀರಿಕೊಂಡ.