ಒಬ್ಬ ಮಗನಿಗೆ ಕೊಟ್ಟ ದಾನಪತ್ರ: ಉಳಿದ ಮಕ್ಕಳ ಪಾಲು ಮತ್ತು ತೆರಿಗೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂಥ ಊರುಗಳಲ್ಲಿ ವ್ಯಾಪಾರ ನೋಡಿಕೊಳ್ಳುವ ಮಗನಿಗೆ ತಂದೆ ಅಂಗಡಿ ಮಳಿಗೆಯನ್ನು ದಾನಪತ್ರದ ಮೂಲಕ ಕೊಡುವುದುಂಟು. "ಇವನ ಪಾಲು ಇವನಿಗೆ ಮುಟ್ಟಿತು, ಮಿಕ್ಕಿದ್ದು ಉಳಿದ ಮಕ್ಕಳಿಗೆ" ಎಂಬುದು ತಂದೆಯ ಎಣಿಕೆ. ಅದನ್ನು ಬರೆದಿಡದಿದ್ದರೆ ಕಾನೂನು ಹಾಗೆ ಲೆಕ್ಕ ಹಾಕುವುದಿಲ್ಲ.

ಯಾವ ಕಾನೂನು?

2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆತರೂ, ಆಸ್ತಿ ಹಕ್ಕಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಅನ್ವಯಿಸುತ್ತದೆ. ಅದರ 2ನೇ ಕಲಮು ಜೈನರನ್ನು ಹೆಸರಿಸಿಯೇ ಸೇರಿಸಿದೆ.

ಸ್ವಯಾರ್ಜಿತ ಆಸ್ತಿ

ತಂದೆ ತಾನೇ ಸಂಪಾದಿಸಿದ ಆಸ್ತಿಯನ್ನು ಯಾರಿಗೆ ಬೇಕಾದರೂ ಕೊಡಬಹುದು. ಇತರ ಮಕ್ಕಳ ಒಪ್ಪಿಗೆ ಬೇಕಿಲ್ಲ. ಸ್ಥಿರಾಸ್ತಿಯಾದರೆ ದಾನಪತ್ರಕ್ಕೆ ಇಬ್ಬರು ಸಾಕ್ಷಿಗಳು ಮತ್ತು ನೋಂದಣಿ ಕಡ್ಡಾಯ. ಪಡೆಯುವವರು ಅದನ್ನು ಕೊಡುವವರ ಜೀವಿತಾವಧಿಯಲ್ಲೇ ಸ್ವೀಕರಿಸಿರಬೇಕು.

ಉದಾಹರಣೆಗೆ, ತಂದೆ 60 ಲಕ್ಷ ರೂ. ಬೆಲೆಯ ಮಳಿಗೆಯನ್ನು ಹಿರಿಯ ಮಗನಿಗೆ ಕೊಟ್ಟು, 80 ಲಕ್ಷ ರೂ. ಆಸ್ತಿ ಉಳಿಸಿ, ವಿಲ್ ಬರೆಯದೆ ತೀರಿಕೊಂಡರು ಎನ್ನೋಣ. ಪತ್ನಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಉಳಿದ ಆಸ್ತಿಯಲ್ಲಿ ನಾಲ್ವರಿಗೂ ತಲಾ 20 ಲಕ್ಷ. ಮೊದಲು ಪಡೆದ ಮಳಿಗೆಯನ್ನು ಹಿರಿಯ ಮಗನ ಪಾಲಿನಲ್ಲಿ ಕಳೆಯುವ ನಿಯಮ ಕಾಯ್ದೆಯಲ್ಲಿಲ್ಲ. ಹೀಗಾಗಿ ಅವನಿಗೆ ಒಟ್ಟು 80 ಲಕ್ಷ, ತಂಗಿಗೆ 20 ಲಕ್ಷ. ತಂದೆಯ ತಾಯಿ ಬದುಕಿದ್ದರೆ ಅವರಿಗೂ ಸಮಪಾಲು ಇದೆ.

ಪಿತ್ರಾರ್ಜಿತ ಆಸ್ತಿ

ಅವಿಭಕ್ತ ಕುಟುಂಬದ ಆಸ್ತಿಯನ್ನು ಪ್ರೀತಿಗಾಗಿ ಒಬ್ಬರಿಗೇ ದಾನ ಮಾಡುವ ಅಧಿಕಾರ ತಂದೆಗಿಲ್ಲ. ಕರ್ನಾಟಕದ್ದೇ ಆದ ಕೆ.ಸಿ. ಲಕ್ಷ್ಮಣ ವಿರುದ್ಧ ಕೆ.ಸಿ. ಚಂದ್ರಪ್ಪ ಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಇದನ್ನೇ ಹೇಳಿತು: ಪ್ರೀತಿ ವಿಶ್ವಾಸದಿಂದ ಕೊಟ್ಟದ್ದು ಧರ್ಮಕಾರ್ಯಕ್ಕಾಗಿ ಕೊಟ್ಟಂತಾಗದು. ಇಂಥ ದಾನವನ್ನು ಪ್ರಶ್ನಿಸಲು, ಪಡೆದವರು ಸ್ವಾಧೀನಕ್ಕೆ ತೆಗೆದುಕೊಂಡ ದಿನದಿಂದ 12 ವರ್ಷಗಳ ಕಾಲಮಿತಿ ಇದೆ. 2005ರ ತಿದ್ದುಪಡಿ ಮತ್ತು ಸುಪ್ರೀಂ ಕೋರ್ಟಿನ 2020ರ ತೀರ್ಪಿನಂತೆ ಹೆಣ್ಣುಮಕ್ಕಳಿಗೂ ಈ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕಿದೆ. ಮದುವೆಯಾದ ಮಾತ್ರಕ್ಕೆ ಅದು ಹೋಗುವುದಿಲ್ಲ.

ತೆರಿಗೆ

ಮರಣಾನಂತರದ ಆಸ್ತಿ ತೆರಿಗೆ 1985ರಲ್ಲಿ, ದಾನ ತೆರಿಗೆ 1998ರಲ್ಲಿ ರದ್ದಾದವು. ತಂದೆ-ತಾಯಿ ಅಥವಾ ಒಡಹುಟ್ಟಿದವರಿಂದ ಬಂದ ದಾನಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಮುಂದೆ ಬರುವ ಬಾಡಿಗೆ ಪಡೆದವರ ಆದಾಯವಾಗುತ್ತದೆ. ಸೊಸೆಯ ಹೆಸರಿಗೆ ಕೊಟ್ಟಿದ್ದರೆ ಕೊಟ್ಟವರ ಆದಾಯಕ್ಕೆ ಸೇರುತ್ತದೆ. ಮಾರುವಾಗ ಲಾಭವನ್ನು ತಂದೆ ಕೊಂಡ ಬೆಲೆಯಿಂದ ಲೆಕ್ಕ ಹಾಕಬೇಕು. ನಗದು ದಾನ 2 ಲಕ್ಷ ರೂ. ಮುಟ್ಟುವಂತಿಲ್ಲ, ಬ್ಯಾಂಕ್ ಮೂಲಕವೇ ಕೊಡಿ. ಮಕ್ಕಳಿಗೆ ಮಾಡುವ ದಾನಪತ್ರಕ್ಕೆ ರಾಜ್ಯದಲ್ಲಿ ನಿಗದಿತ ಮುದ್ರಾಂಕ ಶುಲ್ಕವಿದೆ. ಈಗಿನ ದರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ.

ಏನು ಮಾಡಬೇಕು?

• ಪಾಲು ಸಮ ಮಾಡುವ ಇಚ್ಛೆಯಿದ್ದರೆ ದಾನಪತ್ರದ ಜೊತೆಗೇ ವಿಲ್ ಬರೆಯಿರಿ. ಮಳಿಗೆ ಪಡೆದವರಿಗೆ ಉಳಿದದ್ದರಲ್ಲಿ ಎಷ್ಟು, ಯಾರಿಗೆ ಏನು ಎಂದು ಸ್ಪಷ್ಟವಾಗಿರಲಿ. ವಿಲ್‌ಗೆ ಇಬ್ಬರು ಸಾಕ್ಷಿಗಳು ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು.

• "ಇನ್ನು ನನಗೇನೂ ಬೇಡ" ಎಂದು ಮಗನಿಂದ ಈಗಲೇ ಬರೆಸಿಕೊಂಡ ಪತ್ರವನ್ನೇ ನಂಬಬೇಡಿ. ತಂದೆ ಬದುಕಿರುವಾಗ ಅವರ ಸ್ವಯಾರ್ಜಿತದಲ್ಲಿ ಬಿಟ್ಟುಕೊಡಲು ಮಗನಿಗೆ ಹಕ್ಕೇ ಹುಟ್ಟಿರುವುದಿಲ್ಲ. ಹಕ್ಕು ಬಿಡುಗಡೆ ಪತ್ರ ತಂದೆಯ ನಂತರದ ಮಾತು.

• ಕೊಟ್ಟ ಮೇಲೆ ಮನಸ್ಸು ಬದಲಾಯಿತೆಂದು ದಾನ ಹಿಂಪಡೆಯಲಾಗದು. 60 ದಾಟಿದವರು "ನಮ್ಮನ್ನು ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಸೇರಿಸಲಿ. ಅದು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು.

• ಆಸ್ತಿ ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂಬುದನ್ನು ಹಳೆಯ ಕ್ರಯಪತ್ರ, ವಿಭಾಗಪತ್ರಗಳೊಂದಿಗೆ ವಕೀಲರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ. ಖಾತೆ ಯಾರ ಹೆಸರಿನಲ್ಲಿದೆ ಎಂಬುದೊಂದರಿಂದಲೇ ಅದು ತೀರ್ಮಾನವಾಗದು.