ಎಡದಂಡೆಯ ಚಿತ್ತವಿಕಲರು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯೆಲ್ಲವೂ ನಿಜಾಮರ ಸಂಸ್ಥಾನಕ್ಕೆ ಒಳಪಟ್ಟಿದ್ದ ಕಾಲದಲ್ಲಿ, ಪಡುವಣದ ಧಾರವಾಡದಲ್ಲಿ 1845ರಿಂದಲೂ ಹುಚ್ಚಾಸ್ಪತ್ರೆಯೊಂದು ಇದ್ದಿತಾದರೂ ಅದು ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಸಂಸ್ಥಾನದ ಆಸ್ಪತ್ರೆಯಾದರೋ ದೂರದ ಮರಾಠವಾಡದ ಜಾಲ್ನಾದಲ್ಲಿದ್ದು, 1953ರಲ್ಲಿ ಹೈದರಾಬಾದಿನ ಎರ್ರಗಡ್ಡೆಗೆ ಸ್ಥಳಾಂತರಗೊಂಡಿತು. ಅಷ್ಟು ದೂರ ರೋಗಿಯನ್ನು ಒಯ್ಯುವ ತ್ರಾಣ ಎಷ್ಟು ಮಂದಿ ಒಕ್ಕಲು ಮಕ್ಕಳಿಗಿದ್ದೀತು? ‘ಗಾಳಿ ಬಡಿದೈತಿ’ ಎಂದು ತಾಯಿತ ಕಟ್ಟಿಸುವರು, ಹರಕೆ ಹೊರುವರು, ಮಿತಿಮೀರಿದರೆ ಕಾಲಿಗೆ ಸರಪಳಿ ತೊಡಿಸುವರು. ಅವರನ್ನು ಮೂಢರೆಂದು ಜರೆಯಲು ನನಗೆ ಮನಸ್ಸೊಪ್ಪದು. ಯೂರೋಪಿನ ಮಹಾವೈದ್ಯರ ಬಳಿಯಲ್ಲಿಯೂ ಆಗ ಈ ವ್ಯಾಧಿಯನ್ನು ತಡೆಹಿಡಿಯಬಲ್ಲ ಗುಳಿಗೆ ಇದ್ದಿಲ್ಲ.

ಆ ಗುಳಿಗೆಯ ಚರಿತ್ರೆಯಲ್ಲಿ ನಮ್ಮ ಸರ್ಪಗಂಧದ ಬೇರಿಗೂ ಪಾಲುಂಟು. ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಅದು ಹಿತಕರವೆಂದು ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು 1931ರಲ್ಲಿಯೇ ಪ್ರಕಟಿಸಿದ್ದರು. 1952ರಲ್ಲಿ ಸ್ವಿಸ್ ರಸಾಯನಜ್ಞರು ಅದರಿಂದ ರೆಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜಿನ್ನನ್ನು ಮನೋರೋಗಿಗಳಿಗೆ ಕೊಟ್ಟು ಅದರ ಗುಣವನ್ನು ಕಂಡರು. ರೆಸರ್ಪಿನ್ನಿನಿಂದ ನಿಶ್ಚೇಷ್ಟಿತವಾದ ಮೊಲಗಳು ಎಲ್-ಡೋಪಾ ಕೊಟ್ಟೊಡನೆ ಚೇತರಿಸಿಕೊಂಡುದನ್ನು 1957ರಲ್ಲಿ ತೋರಿಸಿದ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ನರು, ಆ ಎಲ್-ಡೋಪಾದಿಂದ ಉಂಟಾಗುವ ಡೋಪಮಿನ್ ಎಂಬ ದ್ರವ್ಯವು ಮೆದುಳಿನಲ್ಲಿ ಸ್ವತಂತ್ರ ಸಂದೇಶವಾಹಕವೆಂದು ಸ್ಥಾಪಿಸಿದುದಲ್ಲದೆ, ಕ್ಲೋರ್‌ಪ್ರೊಮಜಿನ್ ಆ ಸಂದೇಶವನ್ನು ಸ್ವೀಕರಿಸುವ ತಾಣಗಳನ್ನೇ ತಡೆಯುವುದೆಂದು 1963ರಲ್ಲಿ ಸೂಚಿಸಿದರು. ಸ್ಕಿಜೋಫ್ರೇನಿಯಾ ಎಂಬ ಚಿತ್ತವಿಕಲತೆಯು ಡೋಪಮಿನ್ನಿನ ಅತಿರೇಕದ ಫಲವೆಂಬ ವಾದಕ್ಕೆ ಇದೇ ಮೂಲ. ಗ್ಲುಟಮೇಟ್ ಎಂಬ ಇನ್ನೊಂದು ಸಂದೇಶವಾಹಕ, ಅನುವಂಶೀಯತೆ ಮುಂತಾದುವು ಬಳಿಕ ಸೇರಿಕೊಂಡು ಆ ವಾದ ಈಗ ಹಿಂದಿನಷ್ಟು ಸರಳವಾಗಿ ಉಳಿದಿಲ್ಲ.

ಗುಳಿಗೆಯನ್ನು ಹಳ್ಳಿಗೆ ತಲುಪಿಸುವ ಕೆಲಸ ಇನ್ನೂ ಉಳಿದಿತ್ತು. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯು, 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೇ ಮನೋರೋಗದ ಚಿಕಿತ್ಸೆಯನ್ನು ಕಲಿಸಲು ಹೊರಟಿತು. ತುಂಗಭದ್ರಾ ಹೊಳೆಯಾಚೆಯ ಕಂಪ್ಲಿ ಆ ಜಿಲ್ಲೆಯದು, ಈಚೆ ಎಡದಂಡೆಯ ಗಂಗಾವತಿ ಆಗ ರಾಯಚೂರಿನದು! ವ್ಯಾಧಿಗಿಲ್ಲದ ಎಲ್ಲೆಯನ್ನು ಚಿಕಿತ್ಸೆಗೆ ಹಾಕಿದುದು ಕಂದಾಯದ ನಕಾಶೆ. ಬಳ್ಳಾರಿಯ ಆ ಮಾದರಿಯನ್ನೇ ಕೇಂದ್ರ ಸರಕಾರವು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಗಿಸಿಕೊಂಡಿತು. ಮರುವರ್ಷ ಕೊಪ್ಪಳವೇ ಜಿಲ್ಲೆಯಾಯಿತು. 2015ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜೂ ಬಂದಿತು. ಹರಕೆ ಹೊತ್ತವರು ಧಾರಾಳವಾಗಿ ಹರಕೆ ತೀರಿಸಲಿ. ವೈದ್ಯರು ಹೇಳುವ ತನಕ ಗುಳಿಗೆಯನ್ನು ಮಾತ್ರ ನಿಲ್ಲಿಸದಿರಲಿ.